ಯಶವಂತಪುರ–ಮಂಗಳೂರು ಹಗಲು ರೈಲು, ಅಮ್ಮನ ಜೊತೆ ಸೆಕೆಂಡ್ ಸಿಟ್ಟಿಂಗ್‌ನಲ್ಲಿ

ಅಮ್ಮಂಗೆ ಶಿರಾಡಿ ಘಾಟಲ್ಲಿ ಬಸ್ಸು ಅಂದ್ರೆ ಆಗಲ್ಲ, ಸಕಲೇಶಪುರ ದಾಟಿದ ಕೂಡ್ಲೆ ವಾಂತಿ ಶುರು, ಅಕ್ಕನ ಮನೆ ಪುತ್ತೂರಲ್ಲಿರೋದ್ರಿಂದ ವರ್ಷಕ್ಕೆ ಎರಡು ಸಲನಾದ್ರೂ ಹೋಗ್ಲೇಬೇಕು. ರಾತ್ರಿ ರೈಲಲ್ಲಿ ಮೇಲಿನ ಬರ್ತ್ ಬಂದ್ರೆ ಹತ್ತೋಕಾಗಲ್ಲ, ನಿದ್ದೇನೂ ಇಲ್ಲ. ಹಾಗಾಗಿ ಈ ಸಲ ಹಗಲು ಗಾಡಿ ಹಿಡಿದ್ವಿ, ಸೆಕೆಂಡ್ ಸಿಟ್ಟಿಂಗಲ್ಲಿ, ಅಂದ್ರೆ ಎಸಿ ಇಲ್ಲದ, ಕೂತೇ ಹೋಗೋ ಬೋಗಿಯಲ್ಲಿ.

ಬುಕ್ ಮಾಡೋವಾಗ ಒಂದು ವಿಷ್ಯ ನೋಡ್ಕೊಳ್ಳಿ. ಭಾನುವಾರ, ಮಂಗಳವಾರ, ಗುರುವಾರ 16575, ಸೋಮ ಬುಧ ಶುಕ್ರ ಕಾರವಾರಕ್ಕೆ ಹೋಗೋ 16515, ಶನಿವಾರ 16539. ಒಂದೇ ನಂಬರ್ ಹಾಕಿ ಹುಡುಕಿದ್ರೆ ವಾರದಲ್ಲಿ ಅರ್ಧ ದಿನ ರೈಲೇ ಇಲ್ಲ ಅನ್ಸತ್ತೆ, ಸ್ಟೇಷನ್ ಹೆಸರು ಹಾಕಿ ಹುಡುಕಿ. ಪುತ್ತೂರಿಗೆ ಹೋಗೋರು ಕಬಕ ಪುತ್ತೂರು ಅಂತ ಹಾಕ್ಬೇಕು, ಕುಕ್ಕೆಗೆ ಹೋಗೋರು ಸುಬ್ರಹ್ಮಣ್ಯ ರೋಡ್. ಆ ಸ್ಟೇಷನ್ ಇರೋದು ನೆಟ್ಟಣದಲ್ಲಿ, ದೇವಸ್ಥಾನ ಅಲ್ಲಿಂದ ಇನ್ನೂ ಸುಮಾರು 12 ಕಿಲೋಮೀಟರ್.

ನಾವು ಹೋದ ದಿನ ಬೆಳಗ್ಗೆ 7ಕ್ಕೆ ಸರಿಯಾಗಿ ಹೊರಟ್ತು. ಕುಣಿಗಲ್, ಶ್ರವಣಬೆಳಗೊಳ, ಚನ್ನರಾಯಪಟ್ಟಣ, ಹಾಸನ. 2017ರಲ್ಲಿ ಕುಣಿಗಲ್ ಮೇಲೆ ಹೋಗೋ ಈ ಬೆಂಗಳೂರು–ಹಾಸನ ಲೈನ್ ಓಪನ್ ಆದ್ಮೇಲೆ ಹಾಸನ ನಿಜವಾಗ್ಲೂ ಹತ್ರ ಆಗಿದೆ, ಮಾತಾಡ್ತಾ ಮಾತಾಡ್ತಾ ಬಂದೇಬಿಡ್ತು.

ಸಕಲೇಶಪುರದಿಂದ ಮುಂದೆ 55 ಕಿಲೋಮೀಟರ್, 57 ಸುರಂಗ. ಐವತ್ತು ಅಡಿ ಮುಂದೆ ಹೋದ್ರೆ ಒಂದಡಿ ಇಳಿಯೋ ಇಳಿಜಾರು, ರೈಲಿಗೆ ಅದು ತುಂಬಾ ಕಡಿದು, ಅದಕ್ಕೇ ಗಂಟೆಗೆ 30 ಕಿಲೋಮೀಟರ್ ದಾಟಂಗಿಲ್ಲ. ಬೋಗಿಲಿದ್ದ ಒಬ್ರು ಯಾಕಿಷ್ಟು ನಿಧಾನ ಅಂತ ಗೊಣಗ್ತಾನೇ ಇದ್ರು, ಆದ್ರೆ ಅಮ್ಮಂಗೆ ಬೇಕಾಗಿದ್ದೇ ಆ ನಿಧಾನ. ತಿರುವಲ್ಲಿ ಮೈ ವಾಲಲ್ಲ, ಹೊಟ್ಟೆ ತೊಳೆಸಲ್ಲ. ದೋಣಿಗಲ್ ದಾಟಿದ ಮೇಲೆ ಕಿಟಕಿ ಕಂಬಿ ಹಿಡ್ಕೊಂಡು ಕೂತೋರು ಎಡಕುಮೇರಿ ಬರೋವರೆಗೂ ಈ ಕಡೆ ತಿರುಗ್ಲಿಲ್ಲ. ಪ್ರತಿ ಸುರಂಗದಲ್ಲೂ ಮಕ್ಕಳು ಕೂಗ್ತಿದ್ರು, ಹೊರಗೆ ಬಂದ ತಕ್ಷಣ ಸೇತುವೆ, ಕೆಳಗೆ ಬಂಡೆ ಮೇಲೆ ನೀರು, ಮತ್ತೆ ಕತ್ತಲೆ. "ಇಷ್ಟು ವರ್ಷ ಈ ಘಾಟಿ ದಾಟಿದೀನಿ ಮಗಾ, ಕಣ್ಣು ಬಿಟ್ಟು ನೋಡಿದ್ದು ಇವತ್ತೇ" ಅಂದ್ರು.

ಇದೇ ಗಾಡಿಯ ವಿಸ್ಟಾಡೋಮ್ ಬೋಗಿ ಬಗ್ಗೆ ತುಂಬಾ ಜನ ಕೇಳ್ತಾರೆ. 2021ರ ಜುಲೈಯಿಂದ ಇದೆ, 44 ಸೀಟು, ಗಾಜಿನ ಛಾವಣಿ, ತಿರುಗೋ ಕುರ್ಚಿ. ಹೋದ ವರ್ಷ ಅದರಲ್ಲೂ ಹೋಗಿದ್ದೆ, ಚೆನ್ನಾಗಿದೆ, ಆದ್ರೆ ಸಾವಿರದ ಮೇಲೆ ಕೊಡ್ಬೇಕು ಮತ್ತು ಎಸಿ ಆದ್ದರಿಂದ ಕಾಡಿನ ಗಾಳಿ ಮುಖಕ್ಕೆ ಬಡಿಯಲ್ಲ. ನನ್ ಪ್ರಕಾರ ಸೆಕೆಂಡ್ ಸಿಟ್ಟಿಂಗ್ ಕಿಟಕಿ ಸೀಟೇ ಮೇಲು, ರೇಟಂತೂ ಎಷ್ಟೋ ಪಾಲು ಕಮ್ಮಿ. ಸೀಟು ನೆಟ್ಟಗಿರತ್ತೆ, ವಯಸ್ಸಾದೋರಿಗೆ ಬೆನ್ನಿಗೆ ಒಂದು ದಿಂಬು ತಗೊಂಡು ಹೋಗಿ. ಊಟಾನೂ ಮನೆಯಿಂದ್ಲೇ ಕಟ್ಕೊಂಡು ಹೋಗಿ, ನಾವು ಗಾಡಿಯಲ್ಲಿ ಮಾರ್ಕೊಂಡು ಬಂದೋರ ಹತ್ರ ತಗೊಂಡ ಬಾತ್ ತಣ್ಣಗೆ ಗಟ್ಟಿಯಾಗಿತ್ತು, ಅಮ್ಮ ಎರಡು ತುತ್ತು ತಿಂದು ಇಟ್ಬಿಟ್ರು.

ಮಂಗಳೂರಿಗೇ ಹೋಗೋರಿಗೆ ಒಂದು ಮಾತು, ಇದು ನಿಲ್ಲೋದು ಜಂಕ್ಷನ್‌ನಲ್ಲಿ, ಊರೊಳಗಿನ ಸೆಂಟ್ರಲ್‌ಗೆ ಹೋಗಲ್ಲ. ಅಲ್ಲಿಂದ ಬಸ್ಸೋ ಆಟೋನೋ ಹಿಡೀಬೇಕು.

ನನಗೆ ನಿಜವಾಗ್ಲೂ ಬೇಜಾರಿರೋದು ಬೇರೆ ವಿಷ್ಯಕ್ಕೆ. ಹಾಸನದಿಂದ ಮುಂದಿನ ಈ ಘಾಟಿ ಲೈನ್ 1996ರಲ್ಲಿ ಬ್ರಾಡ್‌ಗೇಜ್, ಅಂದ್ರೆ ಅಗಲ ಹಳಿ, ಮಾಡ್ತೀವಿ ಅಂತ ಮುಚ್ಚಿದ್ದು, ಪ್ಯಾಸೆಂಜರ್ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಲ್ಲಿ, ಹನ್ನೊಂದು ವರ್ಷ. ಆಮೇಲೆ 2018ರ ಮಳೇಲಿ ಗುಡ್ಡ ಜರಿದು ನಿಂತ್ತು, 2024ರಲ್ಲೂ ಹಾಗೇ, 2025ರಲ್ಲಿ ಕರೆಂಟ್ ಲೈನ್ ಎಳೆಯೋ ಕೆಲಸಕ್ಕೆ ಹಗಲು ಗಾಡಿಗಳನ್ನ ತಿಂಗಳುಗಟ್ಟಲೆ ರದ್ದು ಮಾಡಿದ್ರು. ಕೆಲಸ ಆಗ್ಲೇಬೇಕು, ಗುಡ್ಡ ಕುಸಿದ್ರೆ ಯಾರೇನ್ ಮಾಡೋಕಾಗತ್ತೆ, ಒಪ್ತೀನಿ. ಆದ್ರೆ ಕೆಲಸ ಅಂತ ಬಂದಾಗ ಮೊದಲು ನಿಲ್ಲೋದು ಹಗಲು ರೈಲು, ರಾತ್ರಿದು ಓಡ್ತಾನೇ ಇರತ್ತೆ. ಬಸ್ಸಲ್ಲಿ ಕೂರೋಕಾಗ್ದೋರು, ಬರ್ತ್ ಹತ್ತೋಕಾಗ್ದೋರು, ಚಿಕ್ಕ ಮಕ್ಕಳಿರೋರು, ಇವರಿಗೆಲ್ಲ ಇರೋದು ಇದೊಂದೇ ಗಾಡಿ. ಆ ತಿಂಗಳುಗಳಲ್ಲಿ ಅಮ್ಮ ಪುತ್ತೂರಿಗೆ ಹೋಗ್ಲೇ ಇಲ್ಲ, ಅಕ್ಕನ ಮಗಳ ನಾಮಕರಣಾನ ಫೋನಲ್ಲೇ ನೋಡಿದ್ರು.

ವಾಪಸ್ ಬರೋಕೂ ಹಗಲು ಗಾಡೀನೇ ಬುಕ್ ಮಾಡಿದೀನಿ, ಅಮ್ಮಂಗೆ ಕಿಟಕಿ ಸೀಟು ಸಿಕ್ಕಿದೆ.