ರಜೆಗೆ ಮಗುವನ್ನು ಯಾವ ಈಜುಕೊಳಕ್ಕೆ ಸೇರಿಸೋಣ?

ಮೈಸೂರಿನಲ್ಲಿ ಏಪ್ರಿಲ್ ಬಂತೆಂದರೆ ಇದೇ ಪ್ರಶ್ನೆ. ಸರಸ್ವತಿಪುರಂನಲ್ಲಿರುವಂಥ ದೊಡ್ಡ ಕೊಳವೋ, ಅಪಾರ್ಟ್‌ಮೆಂಟಿನ ಪುಟ್ಟ ಕೊಳವೋ?

ದೊಡ್ಡ ಕೊಳದಲ್ಲಿ ಜನ ಜಾಸ್ತಿ, ನಿಜ. ಆದರೆ ನೀರೂ ಜಾಸ್ತಿ ಅಲ್ವಾ? ಪುಟ್ಟ ಕೊಳದಲ್ಲಿ ಸುಡುಬಿಸಿಲಿಗೆ ಹತ್ತು ಮಕ್ಕಳು ಇಳಿದರೆ ಸಾಕು, ಬೆಳಿಗ್ಗೆ ಹಾಕಿದ ಕ್ಲೋರಿನ್ ಬೇಗ ಇಳಿದುಹೋಗುತ್ತದೆ.

ಎಲ್ಲಿಗೆ ಹೋದರೂ ನಾನು ಮೊದಲು ಕೇಳುವುದು ನೀರಿನ ಪರೀಕ್ಷೆ ಬರೆದಿಟ್ಟ ಪುಸ್ತಕ. ಕ್ಲೋರಿನ್ ಕನಿಷ್ಠ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ), ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎನ್ನುವ ಅಳತೆ) 7ರಿಂದ 7.8ರೊಳಗೆ ಇರಬೇಕು. ಕಣ್ಣುರಿಸುವ ಘಾಟು ಬಂದರೆ ನೀರು ಚೊಕ್ಕಟವಾಗಿದೆ ಅಂತಲ್ಲ. ಬೆವರು, ಉಚ್ಚೆಯ ಜೊತೆ ಕ್ಲೋರಿನ್ ಸೇರಿದಾಗ ಬರುವ ಘಾಟು ಅದು. ಅಂಥ ಕಡೆ ಇಳಿಸಬೇಡಿ.

ಇನ್ನೊಂದು ಮುಖ್ಯ ವಿಷಯ. ಮಲದಿಂದ ನೀರಿಗೆ ಸೇರುವ ಇ-ಕೊಲೈ ಎಂಬ ಬ್ಯಾಕ್ಟೀರಿಯಾ ಸರಿಯಾದ ಕ್ಲೋರಿನ್ ಇದ್ದರೆ ನಿಮಿಷದೊಳಗೆ ಸಾಯುತ್ತದೆ. ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಜೀವಿ ಹಾಗಲ್ಲ, ಅದೇ ನೀರಿನಲ್ಲಿ 7 ದಿನ ದಾಟಿಯೂ ಬದುಕಬಲ್ಲದು. ಅದಕ್ಕೇ ಭೇದಿ ಆದವರನ್ನು ನೀರಿಗೆ ಬಿಡದಿರುವುದೇ ದೊಡ್ಡ ಕಾವಲು. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರಿಗೆ ಹೇಳಲು ದಾಕ್ಷಿಣ್ಯ. ದೊಡ್ಡ ಕೊಳದಲ್ಲಿ, ಭೇದಿ ಆದವರನ್ನೂ ಷವರ್ ಮಾಡದವರನ್ನೂ ಬಾಗಿಲಲ್ಲೇ ತಡೆಯುವ ಸಿಬ್ಬಂದಿ ಇದ್ದರೆ, ನನ್ನ ಆಯ್ಕೆ ಅದೇ. ಡೈಪರ್ ಹಾಕುವ ಕೂಸಾದರೆ ಮನೆಯ ಟಬ್ಬೇ ವಾಸಿ, ದಿನಾ ನೀರು ಬದಲಿಸಿ, ಪಕ್ಕದಲ್ಲೇ ಕೂತಿರಿ.