ಗ್ಯಾಸ್ ಟೋಸ್ಟರಿನಲ್ಲಿ ಟ್ಯೂನಾ-ಚೀಸ್: ಎರಡು ವರ್ಷ ಬಳಸಿದ ಮೇಲೆ ದೊಡ್ಡ ತಕರಾರು ಒಂದೇ

ತಕರಾರು ನೀರಿನದು. ಒಲೆಯ ಮೇಲಿಡುವ ಕೈ ಟೋಸ್ಟರು ಎಲ್ಲರೂ ನೋಡಿರುವಂಥದ್ದೇ: ಎರಡು ಅಲ್ಯೂಮಿನಿಯಂ ತಟ್ಟೆ, ಕಪ್ಪು ಹಿಡಿಕೆ, ತುದಿಯಲ್ಲಿ ಒಂದು ಕೊಂಡಿ. ಆಲೂಗಡ್ಡೆ ಪಲ್ಯ ತುಂಬಿದರೆ ಬಂಗಾರದ ಬಣ್ಣದ ಸ್ಯಾಂಡ್‌ವಿಚ್ ಕೊಡುತ್ತೆ. ಅದರಲ್ಲೇ ಡಬ್ಬಿಯ ಟ್ಯೂನಾ ಮೀನು ಮತ್ತು ಚೀಸ್ ಇಟ್ಟು ನೋಡಿ. ಎರಡನೇ ನಿಮಿಷಕ್ಕೆ ಅಂಚಿನಿಂದ ಚುಂಯ್ ಎಂದು ನೀರು ಸೋರಿ ಬರ್ನರಿನ ಮೇಲೆ ಬೀಳುತ್ತೆ. ಅದು ಉಪ್ಪುನೀರಾದ್ದರಿಂದ ನೀಲಿ ಉರಿ ಪಟ್ಟನೆ ಹಳದಿಯಾಗುತ್ತೆ. ತೆಗೆದರೆ ಮೇಲಿನ ಹೋಳು ಗರಿಗರಿ, ಕೆಳಗಿನದು ಹಾಲಿನಲ್ಲಿ ಅದ್ದಿದ ಬ್ರೆಡ್ಡು. ನಾಲ್ಕುನೂರು-ಐದುನೂರು ರೂಪಾಯಿ ಕೊಟ್ಟು ತಂದ ಟೋಸ್ಟರನ್ನು ಬೈಯಬೇಕು ಅನಿಸುವುದು ಆಗಲೇ.

ಟೋಸ್ಟರಿನ ಕಂಪನಿ ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ. ಈ ಬೆಲೆಯಲ್ಲಿ ಸಿಗುವವೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ, ಕುಂದುಗಳೂ ಒಂದೇ. ಅಂಚು ಪೂರ್ತಿ ಕೂರುವುದಿಲ್ಲ. ಬ್ರೆಡ್ಡು ಸ್ವಲ್ಪ ದಪ್ಪವಾದರೆ ಕೊಂಡಿ ಸಿಕ್ಕಿಕೊಳ್ಳುವುದಿಲ್ಲ, ಒತ್ತಿ ಸಿಕ್ಕಿಸಿದರೆ ಹೂರಣ ಪಕ್ಕದಿಂದ ಹೊರಗೆ ಬರುತ್ತೆ. ದೊಡ್ಡ ಬರ್ನರಿನ ಮೇಲಿಟ್ಟರೆ ಉರಿ ತಟ್ಟೆ ದಾಟಿ ಹಿಡಿಕೆಯ ಬುಡಕ್ಕೆ ತಾಗಿ ಬೇಕಲೈಟ್ ಸುಟ್ಟ ವಾಸನೆ. ಚಿಕ್ಕ ಬರ್ನರ್, ಸಣ್ಣ ಉರಿ, ಅಷ್ಟೇ ಇದಕ್ಕೆ ಸರಿ.

ಆದರೆ ನೀರಿನ ವಿಷಯದಲ್ಲಿ ಟೋಸ್ಟರಿನ ತಪ್ಪು ಅರ್ಧ ಮಾತ್ರ. ಅಮೆರಿಕದ ಡೈನರುಗಳಲ್ಲಿ, ಅಂದರೆ ಅಲ್ಲಿನ ಸಾದಾ ಹೋಟೆಲುಗಳಲ್ಲಿ, ‘ಟ್ಯೂನಾ ಮೆಲ್ಟ್’ ಅನ್ನುವ ತಿಂಡಿಯನ್ನು ಅಗಲವಾದ ಕಾವಲಿಯ ಮೇಲೆ ಮಾಡುತ್ತಾರೆ, ಇಲ್ಲವೇ ಒಂದೇ ಹೋಳಿನ ಮೇಲೆ ಟ್ಯೂನಾ ಹರಡಿ, ಚೀಸ್ ಮುಚ್ಚಿ, ಮೇಲಿನಿಂದ ಕಾವು ಬರುವ ಗ್ರಿಲ್ಲಿನ ಕೆಳಗೆ ತೆರೆದೇ ಇಡುತ್ತಾರೆ. ಎರಡರಲ್ಲೂ ಹಬೆಗೆ ದಾರಿ ಇದೆ. ಬಹುತೇಕ ಪಾಕವಿಧಾನಗಳು ಅಲ್ಲಿಂದಲೇ ಬಂದವು: ಒಂದು ಡಬ್ಬಿ ಟ್ಯೂನಾ, ಅರ್ಧ ಬಟ್ಟಲು ಮಯೋನೀಸ್, ಸೆಲರಿ, ಟೊಮೆಟೊ ಬಿಲ್ಲೆ. ಅದೇ ಅಳತೆಯನ್ನು ನಮ್ಮ ಮುಚ್ಚಿದ ಟೋಸ್ಟರಿಗೆ ಹಾಕಿದರೆ ಹಬೆ ಹೋಗುವುದೆಲ್ಲಿಗೆ? ಬ್ರೆಡ್ಡಿನೊಳಕ್ಕೆ. ಹಾಗಾಗಿ ಇಲ್ಲಿ ನೀರನ್ನು ಒಲೆ ಹತ್ತಿಸುವ ಮೊದಲೇ ತೆಗೆಯಬೇಕು.

ಡಬ್ಬಿಯಿಂದ ಶುರು ಮಾಡೋಣ. 185 ಗ್ರಾಂ ಎಂದು ದೊಡ್ಡದಾಗಿ ಬರೆದಿರುವ ಡಬ್ಬಿಯಲ್ಲಿ ಮೀನು ಸಾಮಾನ್ಯವಾಗಿ 120ರಿಂದ 130 ಗ್ರಾಂ. ಉಳಿದದ್ದು ಉಪ್ಪುನೀರು ಅಥವಾ ಎಣ್ಣೆ. ಸೋಸಿದ ಮೇಲಿನ ತೂಕವನ್ನು ಲೇಬಲ್ಲಿನ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ಹಾಕಿರುತ್ತಾರೆ, ಬೆಲೆ ಹೋಲಿಸಬೇಕಾದ್ದು ಅದರ ಮೇಲೆ. ಕೇರಳದ ಅರೂರಿನಲ್ಲಿ ತಯಾರಾಗುವ ಟೇಸ್ಟಿ ನಿಬಲ್ಸ್ ಬ್ರ್ಯಾಂಡಿನ ಡಬ್ಬಿ ಬೆಂಗಳೂರು, ಮಂಗಳೂರಿನ ಸೂಪರ್ ಮಾರ್ಕೆಟ್ಟುಗಳಲ್ಲಿ ಸಿಗುತ್ತೆ, ಥಾಯ್ಲೆಂಡಿನಿಂದ ಬರುವ ಡಬ್ಬಿಗಳೂ ಇವೆ. ‘ಚಂಕ್ಸ್’ ಅಂದರೆ ದೊಡ್ಡ ತುಂಡು, ‘ಫ್ಲೇಕ್ಸ್’ ಅಂದರೆ ಪುಡಿಪುಡಿ. ಸ್ಯಾಂಡ್‌ವಿಚ್ಚಿಗೆ ಹೇಗೂ ಹಿಸುಕುವುದರಿಂದ ಕಡಿಮೆ ಬೆಲೆಯ ಫ್ಲೇಕ್ಸ್ ಸಾಕು ಅನಿಸಬಹುದು. ತೊಂದರೆಯೆಂದರೆ ಫ್ಲೇಕ್ಸ್ ನೀರನ್ನು ಜಾಸ್ತಿ ಹಿಡಿದಿಟ್ಟುಕೊಳ್ಳುತ್ತೆ, ಹಿಂಡಿದರೆ ಬೆರಳ ಸಂದಿಯಲ್ಲಿ ಮೀನೇ ಹೋಗುತ್ತೆ. ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಬೇಡಿ, ಚಂಕ್ಸ್ ತನ್ನಿ.

ಇನ್ನು ಹಿಂಡುವ ಕೆಲಸ. ಮುಚ್ಚಳವನ್ನು ಪೂರ್ತಿ ಕತ್ತರಿಸಿ, ಅದನ್ನೇ ಮೀನಿನ ಮೇಲೆ ಒತ್ತಿ ಹಿಡಿದು, ಡಬ್ಬಿಯನ್ನು ಸಿಂಕಿನ ಮೇಲೆ ಬೋರಲು ಮಾಡುವುದು ಎಲ್ಲರಿಗೂ ಗೊತ್ತು. ಅಷ್ಟಕ್ಕೇ ನಿಲ್ಲಿಸುವುದರಿಂದಲೇ ಸ್ಯಾಂಡ್‌ವಿಚ್ ಹಾಳಾಗುವುದು. ಆಮೇಲೆ ಮೀನನ್ನು ಟೀ ಸೋಸುವ ಜರಡಿಗೆ ಸುರಿದು ಚಮಚದ ಬೆನ್ನಿನಿಂದ ಒತ್ತಿ, ಐದು ನಿಮಿಷ ಬಿಟ್ಟು ಮತ್ತೆ ಒತ್ತಿ. ಕೊನೆಗೆ ಮುಷ್ಟಿಯಲ್ಲಿ ಹಿಡಿದು, ತೆಂಗಿನಹಾಲು ಹಿಂಡಿದ ಹಾಗೆ ಒಂದು ಸಲ ಹಿಂಡಿ. ಎರಡು-ಮೂರು ಚಮಚ ನೀರು ಇನ್ನೂ ಬರುತ್ತೆ, ಬರ್ನರಿನ ಮೇಲೆ ಬೀಳಬೇಕಿದ್ದದ್ದು ಅದೇ. ಹಿಂಡಿದ ಮೀನು ಹತ್ತಿಯ ಎಳೆಯ ಹಾಗೆ ಒಣಗಿ ಬಿಡಿಬಿಡಿಯಾಗಿ ಕಾಣಬೇಕು. ಇಷ್ಟು ಒಣಗಿದರೆ ಹೇಗಪ್ಪಾ ಎಂದು ಹೆದರಬೇಡಿ, ಮಯೋನೀಸ್ ಇದೆ. ಆ ನೀರನ್ನು ಬೆಕ್ಕಿಗೆ ಹಾಕಬೇಡಿ, ಉಪ್ಪು ಜಾಸ್ತಿ. ಎಣ್ಣೆಯ ಡಬ್ಬಿಯಾದರೆ ಇಷ್ಟು ಹಿಂಡುವುದು ಬೇಡ, ಒತ್ತಿದರೆ ಸಾಕು. ಸೋಸಿದ ಎಣ್ಣೆಯನ್ನು ಬಟ್ಟಲಿನಲ್ಲಿಟ್ಟುಕೊಂಡು ಅದೇ ದಿನ ಮೊಟ್ಟೆ ಬುರ್ಜಿಗೆ ಹಾಕಿ.

ಒಂದು ಡಬ್ಬಿಗೆ ಮಯೋನೀಸ್ ಎರಡು ದೊಡ್ಡ ಚಮಚ, ಮಟ್ಟಸವಾಗಿ. ಮೊಟ್ಟೆಯಿಲ್ಲದ ಮಯೋನೀಸಿನಲ್ಲಿ ನೀರಿನ ಪಾಲು ಹೆಚ್ಚಿರುವುದುಂಟು, ಅದನ್ನು ಬಳಸುವವರು ಒಂದೂವರೆ ಚಮಚಕ್ಕೆ ನಿಲ್ಲಿಸಿ. ಹುಳಿಗೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು ಒಂದು ಚಮಚ ಹಾಕಬಹುದು, ನಿಂಬೆರಸವಾದರೆ ನಾಲ್ಕು ಹನಿ ಸಾಕು. ಕಾಳುಮೆಣಸಿನ ಪುಡಿ ಅರ್ಧ ಟೀ ಚಮಚ, ಹಸಿಮೆಣಸಿನಕಾಯಿ ಒಂದು, ಕೊತ್ತಂಬರಿಯ ಎಲೆಗಿಂತ ದಂಟು ಒಳ್ಳೆಯದು. ಉಪ್ಪು ಬೇಡವೇ ಬೇಡ: ಮೀನಿನಲ್ಲಿದೆ, ಚೀಸಿನಲ್ಲಿದೆ, ಬೆಣ್ಣೆಯಲ್ಲೂ ಇದೆ. ಉಪ್ಪು ಹಾಕಿದರೆ ರುಚಿ ಕೆಡುವುದಷ್ಟೇ ಅಲ್ಲ, ಈರುಳ್ಳಿಯ ನೀರನ್ನೆಲ್ಲ ಎಳೆದು ಹೊರಗೆ ಹಾಕುತ್ತೆ. ಅರ್ಧ ಈರುಳ್ಳಿ ಸಾಕು, ಸಣ್ಣಗೆ ಹೆಚ್ಚಿ, ಬ್ರೆಡ್ಡಿಗೆ ಹಚ್ಚುವ ಕ್ಷಣದಲ್ಲಿ ಬೆರೆಸಿ. ಮೊದಲೇ ಬೆರೆಸಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಡಬ್ಬದ ತಳದಲ್ಲಿ ಮತ್ತೆ ನೀರು. ಟೊಮೆಟೊ, ಸೌತೆಕಾಯಿ ಬೇಕೆನಿಸಿದರೆ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ತಿನ್ನಿ.

ಇಷ್ಟಾದರೂ ಚೂರು ತೇವ ಉಳಿಯುತ್ತೆ. ಅದಕ್ಕೆ ಮದ್ದು ಹುರಿಗಡಲೆ ಪುಡಿ. ಚಟ್ನಿ ಗಟ್ಟಿಯಾಗಲಿ ಎಂದು ಹಾಕುವ ಅದೇ ಹುರಿಗಡಲೆ, ನುಣ್ಣಗೆ ಪುಡಿ ಮಾಡಿ ಒಂದು ಡಬ್ಬಿ ಮೀನಿಗೆ ಒಂದೇ ಟೀ ಚಮಚ ಬೆರೆಸಿ. ಹತ್ತು ನಿಮಿಷದಲ್ಲಿ ತೇವ ಹೀರಿ ಹೂರಣ ಉಂಡೆ ಕಟ್ಟುವ ಹದಕ್ಕೆ ಬರುತ್ತೆ, ಕತ್ತರಿಸುವಾಗ ಉದುರುವುದಿಲ್ಲ. ಆಗಲೇ ಹುರಿದದ್ದಾದ್ದರಿಂದ ಹಸಿ ವಾಸನೆಯೂ ಇಲ್ಲ. ಎರಡು ಚಮಚವಾದರೆ ಗಂಟಲಿಗೆ ಹಿಡಿಯುತ್ತೆ, ಟ್ಯೂನಾ ಹೋಗಿ ಚಟ್ನಿಪುಡಿ ತಿಂದ ಹಾಗಾಗುತ್ತೆ. ಬೇಯಿಸಿದ ಚಿಕ್ಕ ಆಲೂಗಡ್ಡೆ ಒಂದನ್ನು ಹಿಸುಕಿ ಸೇರಿಸಿದರೂ ಇದೇ ಕೆಲಸವಾಗುತ್ತೆ, ಜೊತೆಗೆ ಮೂರು ಸ್ಯಾಂಡ್‌ವಿಚ್ಚಿನ ಹೂರಣ ನಾಲ್ಕಕ್ಕೆ ಬರುತ್ತೆ. ಮೀನಿನ ರುಚಿ ಸ್ವಲ್ಪ ಹಿಂದೆ ಸರಿಯುತ್ತೆ. ತಿಂಗಳ ಕೊನೆಗೆ ಯಾರೂ ಅದನ್ನು ಕೇಳುವುದಿಲ್ಲ.

ಚೀಸ್: ಪ್ರಾಸೆಸ್ಡ್ ಚೀಸಿನ 25 ಗ್ರಾಂ ಕ್ಯೂಬ್, ಸ್ಯಾಂಡ್‌ವಿಚ್ಚಿಗೆ ಒಂದು. ಅದರಲ್ಲಿರುವ ಎಮಲ್ಸಿಫೈಯರ್ ಲವಣಗಳಿಂದ ಕರಗಿದಾಗ ಎಣ್ಣೆ ಬೇರೆ, ಗಟ್ಟಿ ಬೇರೆ ಆಗುವುದಿಲ್ಲ. ಮೊಜರೆಲ್ಲಾ ಎಳೆಎಳೆಯಾಗಿ ಬರುತ್ತೆ, ಫೋಟೋಗೆ ಚೆನ್ನ, ಆದರೆ ಅದರಲ್ಲಿ ತೇವ ಹೆಚ್ಚು, ಮತ್ತೆ ನೀರಿನ ಕತೆ. ಕ್ಯೂಬನ್ನು ಹದಿನೈದು ನಿಮಿಷ ಫ್ರೀಜರಿನಲ್ಲಿಟ್ಟರೆ ತುರಿಮಣೆಗೆ ಅಂಟುವುದಿಲ್ಲ. ತುರಿದದ್ದರಲ್ಲಿ ಅರ್ಧ ಕೆಳಗಿನ ಹೋಳಿಗೆ, ಅದರ ಮೇಲೆ ಟ್ಯೂನಾ ಮೂರು ದೊಡ್ಡ ಚಮಚ, ಮೇಲೆ ಉಳಿದ ಅರ್ಧ ಚೀಸ್. ಎರಡೂ ಕಡೆ ಚೀಸ್ ಯಾಕೆಂದರೆ, ಕರಗಿದ ಚೀಸ್ ಅಂಟಿನ ಹಾಗೆ ಬ್ರೆಡ್ಡನ್ನೂ ಹೂರಣವನ್ನೂ ಹಿಡಿದುಕೊಂಡು ನಡುವೆ ಒಂದು ಪದರವಾಗಿ ನಿಲ್ಲುತ್ತೆ. ಸ್ಲೈಸನ್ನು ಮೇಲೆ ಮಾತ್ರ ಇಟ್ಟರೆ ಕೆಳಗಿನ ಬ್ರೆಡ್ಡಿಗೆ ಯಾವ ರಕ್ಷಣೆಯೂ ಇಲ್ಲ. ಅಂಚಿನಲ್ಲಿ ಅರ್ಧ ಬೆರಳಗಲ ಖಾಲಿ ಬಿಡಿ, ಇಲ್ಲದಿದ್ದರೆ ಚೀಸ್ ಹರಿದು ಟೋಸ್ಟರಿನ ಚಡಿಯಲ್ಲಿ ಸುಟ್ಟು ಕೂರುತ್ತೆ.

ಬ್ರೆಡ್ಡು ನಿನ್ನೆಯದಾದರೆ ಒಳ್ಳೆಯದು. ಅಯ್ಯಂಗಾರ್ ಬೇಕರಿಯ ಬಿಸಿ ಬ್ರೆಡ್ಡು ಹಾಗೇ ತಿನ್ನಲು ಹಿತ, ಇದಕ್ಕೆ ಮಾತ್ರ ತೀರಾ ಮೆತ್ತಗೆ, ಕೊಂಡಿ ಹಾಕುವಾಗಲೇ ಚಪ್ಪಟೆಯಾಗುತ್ತೆ. ಒಂದು ದಿನ ಬಿಟ್ಟರೆ ಗಟ್ಟಿಯಾಗುತ್ತೆ, ಹೂರಣದ ಭಾರ ತಡೆಯುತ್ತೆ. ಹೊರಗೆ ಬೆಣ್ಣೆ ತೆಳುವಾಗಿ, ಮೂಲೆವರೆಗೂ. ಬೆಣ್ಣೆ ತಾಗದ ಮೂಲೆ ಬಿಳಿಯಾಗೇ ಉಳಿಯುತ್ತೆ. ತುಪ್ಪವಾದರೆ ಬೇಗ ಕರಿಯಾಗುವುದಿಲ್ಲ, ಆದರೆ ಬೆಣ್ಣೆಯ ಹಾಗೆ ಕೆಂಪು ಬಣ್ಣವೂ ಬರುವುದಿಲ್ಲ.

ಈಗ ಒಲೆ. ಖಾಲಿ ಟೋಸ್ಟರನ್ನು ಮುಚ್ಚಿ ಒಂದೊಂದು ಬದಿಗೂ ಅರ್ಧ ನಿಮಿಷ ಕಾಯಿಸಿ. ತಣ್ಣಗಿನ ತಟ್ಟೆಯ ಮೇಲೆ ಬ್ರೆಡ್ಡಿಟ್ಟರೆ ಬೆಣ್ಣೆ ಒಳಗಿಳಿಯುತ್ತೆ, ಗರಿಯಾಗುವುದಿಲ್ಲ. ಸ್ಯಾಂಡ್‌ವಿಚ್ ಇಟ್ಟ ಮೇಲೆ ಮೊದಲ ಬದಿ ಎರಡು ನಿಮಿಷ, ತಿರುಗಿಸಿ ಒಂದೂವರೆ. ಅಲ್ಲಿಗೆ ಒಮ್ಮೆ ತೆರೆಯಿರಿ, ಹತ್ತು ಸೆಕೆಂಡು. ಮುಖಕ್ಕೆ ಹಬೆ ಬರುತ್ತೆ ನೋಡಿ, ಅದನ್ನು ಹೋಗಲು ಬಿಡಿ. ಮತ್ತೆ ಮುಚ್ಚಿ ಬದಿಗೆ ಅರ್ಧರ್ಧ ನಿಮಿಷ. ಕರೆಂಟಿನ ಸ್ಯಾಂಡ್‌ವಿಚ್ ಮೇಕರಾದರೂ ಹೀಗೇ ಹತ್ತು ಸೆಕೆಂಡು ತೆರೆಯಬೇಕು. ತೆಗೆದ ಮೇಲೆ ಸ್ಟೀಲ್ ತಟ್ಟೆಯ ಮೇಲೆ ಮಲಗಿಸಬೇಡಿ, ಅಡಿಯಲ್ಲಿ ಬೆವರುತ್ತೆ. ಹಪ್ಪಳ ಸುಡುವ ಜಾಲರಿಯ ಮೇಲೆ ಒಂದು ನಿಮಿಷ ಇಟ್ಟು, ಆಮೇಲೆ ಗರಗಸದ ಹಲ್ಲಿನ ಚಾಕುವಿನಿಂದ ಕತ್ತರಿಸಿ. ಎಲ್ಲ ಸರಿಯಿದ್ದರೆ ಕರ್ ಎಂದು ಸದ್ದು ಬರುತ್ತೆ. ಚಾಕು ಸದ್ದಿಲ್ಲದೆ ಇಳಿದರೆ ಮೀನು ಹಿಂಡುವುದರಲ್ಲಿ ಸೋಮಾರಿತನ ಆಗಿದೆ ಎಂದರ್ಥ.

ಹೊರಗೆ ಕರಿ, ಒಳಗೆ ತಣ್ಣಗೆ ಎಂಬ ದೂರು ಕೆಲವರದು. ಉರಿ ದೊಡ್ಡದಾಗಿದೆ, ಇಲ್ಲವೇ ಹೂರಣ ಫ್ರಿಜ್ಜಿನಿಂದ ನೇರ ಬಂದಿದೆ. ಡಬ್ಬಿಯ ಟ್ಯೂನಾ ಡಬ್ಬಿಯೊಳಗೇ ಬೆಂದದ್ದು, ಮತ್ತೆ ಬೇಯಿಸುವ ಅಗತ್ಯವಿಲ್ಲ, ಚೀಸ್ ಕರಗುವಷ್ಟು ಬಿಸಿಯಾದರೆ ಸಾಕು. ಫ್ರಿಜ್ಜಿನ ಹೂರಣವಾದರೆ ಉರಿ ಇನ್ನೂ ತಗ್ಗಿಸಿ ಬದಿಗೆ ಒಂದು ನಿಮಿಷ ಹೆಚ್ಚು ಕೊಡಿ. ಬಿಸಿಯಾಗಲಿ ಎಂದು ಹೂರಣವನ್ನು ಗಂಟೆಗಟ್ಟಲೆ ಹೊರಗಿಡುವುದು ತಪ್ಪು. ಟ್ಯೂನಾ ಜಾತಿಯ ಮೀನು ಬೆಚ್ಚಗಿನ ಜಾಗದಲ್ಲಿದ್ದರೆ ಅಲರ್ಜಿಯಂಥ ತೊಂದರೆ ಕೊಡುವ ಹಿಸ್ಟಮಿನ್ ಹುಟ್ಟುತ್ತೆ, ಒಮ್ಮೆ ಹುಟ್ಟಿದ ಮೇಲೆ ಎಷ್ಟು ಕಾಯಿಸಿದರೂ ಹೋಗುವುದಿಲ್ಲ. ನಾಲಿಗೆ ಚುರುಗುಟ್ಟಿದರೆ ಉಗಿದುಬಿಡಿ. ತೆರೆದ ಡಬ್ಬಿಯಲ್ಲಿ ಮಿಕ್ಕಿದ್ದನ್ನು ಗಾಜಿನ ಅಥವಾ ಸ್ಟೀಲ್ ಡಬ್ಬಕ್ಕೆ ಹಾಕಿ ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ಉಬ್ಬಿದ ಡಬ್ಬಿಯನ್ನು ತೆರೆಯಲೇಬೇಡಿ.

ಮಂಗಳೂರು, ಮಲ್ಪೆ ಕಡೆಯವರು ಡಬ್ಬಿಗೆ ದುಡ್ಡು ಹಾಕಬೇಕಿಲ್ಲ. ತಾಜಾ ಟ್ಯೂನಾದ ಬೆನ್ನುಮೂಳೆಯ ಪಕ್ಕದ ಕಪ್ಪುಗೆಂಪು ಮಾಂಸ ತೆಗೆದು, ಉಳಿದ ತುಂಡುಗಳನ್ನು ಅರಿಶಿನ, ಉಪ್ಪು ಹಾಕಿದ ನೀರಿನಲ್ಲಿ ಹತ್ತು-ಹನ್ನೆರಡು ನಿಮಿಷ ಬೇಯಿಸಿ, ಆರಿದ ಮೇಲೆ ಬಿಡಿಸಿಕೊಳ್ಳಿ. ಇದು ಡಬ್ಬಿಯದಕ್ಕಿಂತ ಒಣಗಿರುತ್ತೆ, ಹುರಿಗಡಲೆ ಬೇಡ, ಮಯೋನೀಸ್ ಒಂದು ಚಮಚ ಹೆಚ್ಚು ಬೇಕು.

ಖರ್ಚಿನ ಲೆಕ್ಕ: ಡಬ್ಬಿ 190 ರೂಪಾಯಿ ಹಿಡಿದರೆ ಮೂರಕ್ಕೆ ಹಂಚಿ ಮೀನು 63, ಚೀಸ್ 16, ಬ್ರೆಡ್ಡು 6, ಬೆಣ್ಣೆ-ಮಯೋನೀಸ್-ಈರುಳ್ಳಿ ಎಲ್ಲ ಸೇರಿ 9. ಒಟ್ಟು 94. ಆಲೂಗಡ್ಡೆ ಸೇರಿಸಿ ನಾಲ್ಕು ಮಾಡಿದರೆ ಒಂದಕ್ಕೆ ಸುಮಾರು 80. ಮೊಟ್ಟೆ ಸ್ಯಾಂಡ್‌ವಿಚ್ಚಿನ ಪಕ್ಕದಲ್ಲಿಟ್ಟರೆ ಇದು ಅಗ್ಗವೇನಲ್ಲ, ವಾರಕ್ಕೊಂದು ದಿನಕ್ಕೆ ಸರಿ.

ತೊಳೆಯುವ ವಿಷಯಕ್ಕೆ ಬಂದರೆ ಟೋಸ್ಟರಿನ ಮೇಲೆ ಮತ್ತೆ ಸಿಟ್ಟು ಬರುತ್ತೆ. ತಟ್ಟೆ ಸುಲಭ: ಬೆಚ್ಚಗಿರುವಾಗ ಟಿಶ್ಯೂನಿಂದ ಒರೆಸಿ, ಪೂರ್ತಿ ಆರಿದ ಮೇಲೆ ಕಡಲೆಹಿಟ್ಟು ಉಜ್ಜಿ ತೊಳೆದರೆ ಜಿಡ್ಡೂ ಮೀನಿನ ವಾಸನೆಯೂ ಹೋಗುತ್ತೆ. ಕಾದಿರುವಾಗಲೇ ನಲ್ಲಿ ಕೆಳಗೆ ಹಿಡಿದರೆ ನಾನ್‌ಸ್ಟಿಕ್ ಪದರ ಬಿರುಕು ಬಿಡುತ್ತೆ, ಸ್ಟೀಲ್ ನಾರಂತೂ ಮುಟ್ಟಿಸಲೇಬೇಡಿ. ವಾಸನೆ ಅಡಗಿ ಕೂರುವುದು ಕೀಲಿನಲ್ಲಿ. ಹಳೆಯ ಟೂತ್‌ಬ್ರಷ್ಷಿಗೆ ಹುಣಸೆಹಣ್ಣಿನ ಚರಟ ಹಚ್ಚಿ ಅಲ್ಲಿ ತಿಕ್ಕದಿದ್ದರೆ ಮಾರನೇ ದಿನ ಮಕ್ಕಳ ಜಾಮ್ ಟೋಸ್ಟಿನಲ್ಲೂ ಟ್ಯೂನಾ. ಹೀಗೆ ತಿಕ್ಕಿ ತೊಳೆದು ಆರೇಳು ತಿಂಗಳಿಗೆ ಹಿಡಿಕೆಯ ಸ್ಕ್ರೂ ಸಡಿಲವಾಗುತ್ತೆ. ಸ್ಕ್ರೂ ಬಿಚ್ಚಿ, ಸಣ್ಣ ಸ್ಪ್ರಿಂಗ್ ವಾಷರ್ ಒಂದನ್ನು ಹಾಕಿ ಬಿಗಿ ಮಾಡಿದರೆ ಮತ್ತೆ ಅಲ್ಲಾಡುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಈ ವಾಷರನ್ನು ತಯಾರಕರೇ ಹಾಕಿ ಕಳಿಸಿದ್ದರೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೆ. ಸದ್ಯಕ್ಕೆ ಮೂರು.