ಗ್ರೈಂಡರಿನಂತೆ ಸದ್ದು ಮಾಡುತ್ತಿದ್ದ ಕಾರು, ಆಟೊ ಕಾಂಪ್ಲೆಕ್ಸಿನ ಒಂದು ಗ್ಯಾರೇಜು

ನಾನು ತೀರ್ಥಹಳ್ಳಿಯ ಕಡೆ ಮದುವೆ, ಉಪನಯನಗಳ ಅಡುಗೆ ವಹಿಸಿಕೊಳ್ಳುವವನು. ಕಾರಿನ ಒಳಗುಟ್ಟು ನನಗೆ ತಿಳಿಯದು, ಗ್ರೈಂಡರಿನದು ತಿಳಿದಿದೆ. ಅದರ ಬುಷ್ ಸವೆದಾಗ ಕಲ್ಲು ನಿಲ್ಲುವುದಿಲ್ಲ, ಸುತ್ತಿಗೊಮ್ಮೆ ಎಡವುತ್ತದೆ; ಕೇಳಿದವನಿಗೆ ಆ ಸದ್ದು ಮರೆಯುವುದಿಲ್ಲ. ಈ ವರ್ಷ ಮದುವೆ ಸೀಸನ್ನಿನ ಮಧ್ಯದಲ್ಲಿ ನನ್ನ 2011ರ ಡೀಸೆಲ್ ಕಾರಿನ ಬಾನೆಟ್ಟಿನೊಳಗಿನಿಂದ ಅದೇ ಸದ್ದು ಬರತೊಡಗಿತು. ಜೊತೆಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬೆಲ್ಟಿನ ಕಿರುಚಾಟ, ಆಗೊಮ್ಮೆ ಈಗೊಮ್ಮೆ ಬ್ಯಾಟರಿಯ ಕೆಂಪು ದೀಪ.

ಮೊದಲು ಹೋದದ್ದು ಗಾಜಿನ ಬಾಗಿಲು, ಎಸಿ ಕೋಣೆ ಇರುವ ಸರ್ವಿಸ್ ಸೆಂಟರಿಗೆ. ಹೆಸರು ಬೇಡ. ಬೆಲ್ಟ್ ಬದಲಿಸಿದರು. ಮೂರು ವಾರಕ್ಕೆ ಸದ್ದು ಮರಳಿತು, ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಬದಲಿಸಿದರು. ಎರಡೂ ಸೇರಿ 5,900 ರೂಪಾಯಿ. ಮೂರನೆಯ ಸಲ ಹೋದಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರೇ ಹೋಗಿದೆ, 18,000 ಆಗುತ್ತದೆ ಎಂದರು. ಸಾರು ಉಪ್ಪಾಗಿದೆ ಎಂದರೆ ಅನ್ನ ಬದಲಿಸುವವರು ಇವರು ಎಂದುಕೊಂಡು ಗಾಡಿ ಹೊರಗೆ ತಂದೆ.

ಅದಾಗಿ ನಾಲ್ಕನೆಯ ದಿನ ಶಿವಮೊಗ್ಗಕ್ಕೆ ಹೋಗುವಾಗ ಮಂಡಗದ್ದೆ ದಾಟಿ, ಗಾಜನೂರಿಗೆ ಇನ್ನೂ ದೂರವಿರುವಾಗಲೇ ಬೆಲ್ಟ್ ಕಳಚಿ ಬಿತ್ತು. ಸ್ಟಿಯರಿಂಗ್ ಒನಕೆಯಂತೆ ಬಿಗಿಯಾಯಿತು, ಎಸಿ ನಿಂತಿತು. ಹಿಂದಿನ ಸೀಟಿನಲ್ಲಿ ಮರುದಿನದ ಸಮಾರಂಭಕ್ಕೆ ಬೇಕಾದ ನಲವತ್ತು ತೆಂಗಿನಕಾಯಿ. ಲಗೇಜ್ ಆಟೊದವನೊಬ್ಬ ಕಾರಿಗೆ ಹಗ್ಗ ಕಟ್ಟಿ ಎಳೆದು ತಂದು ಬಿಟ್ಟದ್ದು ಶಿವಮೊಗ್ಗದ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸಿನ ಈ ಗ್ಯಾರೇಜಿಗೆ. ತಗಡಿನ ಮಾಡು, ಮುಂದೆ ಒಂದು ಬೇವಿನ ಮರ. ಯಜಮಾನರನ್ನು ಎಲ್ಲರೂ ಭಾಯಿ ಎನ್ನುತ್ತಾರೆ. ನಾನೂ ಹಾಗೆಯೇ ಕರೆದೆ.

ಭಾಯಿ ಸ್ಪ್ಯಾನರ್ ಮುಟ್ಟುವ ಮೊದಲು ಹತ್ತು ನಿಮಿಷ ನನ್ನನ್ನೇ ವಿಚಾರಿಸಿದರು. ಸದ್ದು ತಣ್ಣಗಿರುವಾಗಲೋ ಬಿಸಿಯಾದ ಮೇಲೋ? ಎಸಿ ಹಾಕಿದರೆ ಹೆಚ್ಚುತ್ತದೆಯೇ? ಆಮೇಲೆ ಕಳಚಿದ ಬೆಲ್ಟ್ ಹಾಕದೆ ಅರ್ಧ ನಿಮಿಷ ಎಂಜಿನ್ ಓಡಿಸಿದರು. ಕಟಕಟ ಉಳಿದೇ ಇತ್ತು. ಅಂದರೆ ಆಲ್ಟರ್ನೇಟರಿನದೂ ಅಲ್ಲ, ಟೆನ್ಷನರಿನದೂ ಅಲ್ಲ, ಅವೆರಡೂ ಆಗ ತಿರುಗುತ್ತಲೇ ಇರಲಿಲ್ಲ. ಬಲಗಡೆಯ ಮುಂದಿನ ಚಕ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಮರೆ ತೆಗೆದು, ಎಂಜಿನ್ನಿನ ಮುಖ್ಯ ದಂಡದ ತುದಿಯಲ್ಲಿದ್ದು ಬೆಲ್ಟ್ ಓಡಿಸುವ ಕ್ರ್ಯಾಂಕ್ ಪುಲ್ಲಿಯ ನಡುವಿನಿಂದ ಅಂಚಿನವರೆಗೆ ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ ಎಳೆದರು. ಬೆಲ್ಟ್ ಕೂರಿಸಿ, ಎಸಿ ಹಾಕಿ, ನಾಲ್ಕೈದು ಬಾರಿ ಆಕ್ಸಿಲರೇಟರ್ ಒತ್ತಿ ಎಂಜಿನ್ ಆರಿಸಿದರು.

“ಭಟ್ಟರೇ, ಈಗ ಇಲ್ಲಿ ನೋಡಿ” ಎಂದು ಟಾರ್ಚ್ ಹಿಡಿದರು. ಗೆರೆ ಎರಡು ತುಂಡಾಗಿತ್ತು. ಹೊರಗಿನ ಭಾಗ ಎರಡು ಬೆರಳಷ್ಟು ಹಿಂದೆ ಉಳಿದಿತ್ತು.

ಈ ಪುಲ್ಲಿ ಒಂದೇ ಕಬ್ಬಿಣದ ತುಂಡಲ್ಲವಂತೆ. ಒಳಗೊಂದು ಗುಂಬ, ಹೊರಗೊಂದು ಭಾರದ ಬಳೆ, ನಡುವೆ ರಬ್ಬರ್. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 27 ಸಲ ಡೀಸೆಲ್ ಸಿಡಿಯುತ್ತದೆ. ಪ್ರತಿ ಸಿಡಿತಕ್ಕೂ ಆ ಮುಖ್ಯ ದಂಡ, ಅಂದರೆ ಕ್ರ್ಯಾಂಕ್ ಶಾಫ್ಟ್, ಕೂದಲಷ್ಟು ತಿರುಚಿ ಮರಳುತ್ತದೆ. ಆ ನಡುಕವನ್ನು ನುಂಗುವುದು ಈ ರಬ್ಬರು ಮತ್ತು ಬಳೆ. ರಬ್ಬರು ಬಿಟ್ಟರೆ ಬಳೆ ಜಾರುತ್ತದೆ, ಬೆಲ್ಟಿಗೆ ಪೂರ್ತಿ ವೇಗ ಸಿಗುವುದಿಲ್ಲ, ಆಲ್ಟರ್ನೇಟರ್ ಸರಿಯಿದ್ದರೂ ಬ್ಯಾಟರಿ ದೀಪ ಹೊತ್ತುತ್ತದೆ. ನನ್ನ 18,000ದ ಕಥೆ ಇಷ್ಟೇ. ಹೀಗೆಯೇ ಓಡಿಸುತ್ತಾ ಹೋದರೆ ಕ್ರ್ಯಾಂಕ್ ಶಾಫ್ಟೇ ಬಿರಿಯಬಹುದು ಎಂದರು. ಕೆಲವು ಎಂಜಿನ್ನುಗಳಲ್ಲಿ ವಾಟರ್ ಪಂಪೂ ಇದೇ ಬೆಲ್ಟಿಗೆ ಇರುತ್ತದೆ. ನನ್ನದರಲ್ಲಿ ಇಲ್ಲದ್ದರಿಂದ ದಾರಿಯಲ್ಲಿ ಎಂಜಿನ್ ಕುದಿಯಲಿಲ್ಲ.

ಬಿಚ್ಚುವಾಗ ಹುಡುಗ ಸುತ್ತಿಗೆ ಎತ್ತಿದ. ಭಾಯಿ ಬೈದು ಅದನ್ನು ಕೆಳಗಿಡಿಸಿ, ನಡುವಿನ ಗುಂಬಕ್ಕೆ ಎಳೆದು ಬಿಚ್ಚುವ ಪುಲ್ಲರ್ ಕಚ್ಚಿಸಿದರು. ಹೊರಬಳೆಗೆ ಕಚ್ಚಿಸಿ ಎಳೆದರೆ ಒಳ್ಳೆಯ ಪುಲ್ಲಿಯ ರಬ್ಬರೂ ಹರಿಯುತ್ತದೆಯಂತೆ. ಪುಲ್ಲಿ ಹೊರಬಂದಾಗ ನಿಜವಾದ ಕಳ್ಳ ಸಿಕ್ಕಿತು: ಪುಲ್ಲಿಯ ಹಿಂಬದಿಗಿದ್ದ ಆಯಿಲ್ ಸೀಲ್ ಸೋರಿ, ರಬ್ಬರು ಎಣ್ಣೆ ಕುಡಿದು ಹಳೆಯ ಹಲಸಿನ ಹಪ್ಪಳದಂತೆ ಮೆತ್ತಗಾಗಿತ್ತು. ಸೀಲ್ ಬದಲಿಸದೆ ಹೊಸ ಪುಲ್ಲಿ ಹಾಕಿದ್ದರೆ ಅದಕ್ಕೂ ಅದೇ ಗತಿ. ಬೋಲ್ಟನ್ನೂ ಹೊಸದೇ ಹಾಕಿದರು. ನನ್ನ ಗಾಡಿಯದು ಬಿಗಿಯುವಾಗ ಹಿಗ್ಗುವಂಥದ್ದು, ಎರಡನೆಯ ಸಲಕ್ಕೆ ನಂಬುವಂತಿಲ್ಲ. ಗಾಳಿಯ ಗನ್ ಹಿಡಿಯದೆ ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ ಬಿಗಿದು, ಆಮೇಲೆ ಪುಸ್ತಕ ನೋಡಿಕೊಂಡು ಇಷ್ಟು ಡಿಗ್ರಿ ಎಂದು ತಿರುಗಿಸಿದರು. ತಗಡಿನ ಮಾಡಿನ ಗ್ಯಾರೇಜಿನಲ್ಲಿ ಇಷ್ಟು ಅಚ್ಚುಕಟ್ಟನ್ನು ನಾನು ನಿರೀಕ್ಷಿಸಿರಲಿಲ್ಲ.

ಪುಲ್ಲಿ 4,800, ಸೀಲ್ 350, ಬೋಲ್ಟ್ 180, ಕೂಲಿ 1,200. ಒಟ್ಟು 6,530. ಪೇಟೆಯಲ್ಲಿ 1,900ಕ್ಕೂ ಪುಲ್ಲಿ ಸಿಗುತ್ತದೆ, ಬೇಕಾದರೆ ತರಿಸುತ್ತೇನೆ, ಆದರೆ ಅದರ ರಬ್ಬರಿಗೆ ನಾನು ಹೊಣೆಯಲ್ಲ ಎಂದು ಮೊದಲೇ ಹೇಳಿದ್ದರು. ಹಳೆಯದನ್ನು ಕೇಳುವ ಮೊದಲೇ ಕೈಗಿತ್ತರು.

ಹುಳುಕುಗಳೂ ಇವೆ. ಸಂಜೆ ನಾಲ್ಕಕ್ಕೆ ಎಂದವರು ಗಾಡಿ ಕೊಟ್ಟದ್ದು ರಾತ್ರಿ ಎಂಟೂವರೆಗೆ, ಪುಲ್ಲಿ ಬರುವುದು ತಡವಾಯಿತಂತೆ. ತೆಂಗಿನಕಾಯಿಯನ್ನು ಬೇರೆ ಆಟೊದಲ್ಲಿ ಕಳಿಸಬೇಕಾಯಿತು, ಅದಕ್ಕೆ 300. ಕೂರಲು ಒಂದು ಮುರಿದ ಸೀಟು ಬಿಟ್ಟರೆ ಏನೂ ಇಲ್ಲ. ಬಿಲ್ಲು ಎಂದರೆ ಡೈರಿಯಿಂದ ಹರಿದ ಹಾಳೆ. ಫೋನ್ ಎತ್ತುವುದಿಲ್ಲ. ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ನಮಾಜಿನ ಹೊತ್ತು, ಬಾಗಿಲು ಹಾಕಿರುತ್ತದೆ. ಬೆಳಿಗ್ಗೆ ಹತ್ತರೊಳಗೆ ಹೋದರೆ ಅವರೇ ಸಿಗುತ್ತಾರೆ. ತಡವಾದರೆ ಸುತ್ತಿಗೆಯ ಹುಡುಗ ಸಿಗುತ್ತಾನೆ.

ಗ್ರೈಂಡರಿನ ಸದ್ದು ಹೋಗಿದೆ. ಎಸಿ ಹಾಕಿದ ಕ್ಷಣ ಬೆಲ್ಟ್ ಇನ್ನೂ ಒಮ್ಮೆ ಕುಂಯ್ ಎನ್ನುತ್ತದೆ. ಅದಕ್ಕೂ ಎಣ್ಣೆ ತಗಲಿರಬಹುದು, ಸಾವಿರ ಕಿಲೋಮೀಟರ್ ಓಡಿಸಿ ಬನ್ನಿ, ಸುಮ್ಮನೆ ಈಗಲೇ ಬದಲಿಸುವುದು ಬೇಡ ಎಂದಿದ್ದಾರೆ. ಇಂದಿಗೆ 720 ಆಗಿದೆ.